ಬೇಯಿಸಿದ ಹಣ್ಣು ರೋಗಿಗಳಿಗಂತೆ!

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳ ಮೇಲಾಯ್ತು. ಸಿಟ್ಟು ಬಂದಾಗಲೇ ನಂಗೆ ಬ್ಲಾಗಿನ ನೆನಪಾಗೋದು ಅನ್ನೋದು ನಿಮಗೆಲ್ಲ ಗೊತ್ತಿರೋ ವಿಷಯವೇ :-)

ಈ ಸಲದ ಸಿಟ್ಟು ಒಂದು ಸಿಹಿಯ ಬಗ್ಗೆ. ಶ್ರಾವಣದಲ್ಲಿ ಅಪ್ಪ-ಅಮ್ಮನ ಮದುವೆಗೆ 30 ವರ್ಷ ತುಂಬ್ತು. (ಮಲೆನಾಡಿನಲ್ಲಿ, ಜಡಿಮಳೆ ಮುಗಿಯೋ ಮುಂಚೆ ಮುಹೂರ್ತ ಇಟ್ಟ ಪುಣ್ಯಾತ್ಮ ಯಾರೋ!) ಮನೆಮಂದಿ, ನೆಂಟರು ಸೇರಿ ಹನ್ನೆರಡು ಜನ. "ಸಿಹಿ ನಾನು ಮಾಡ್ತೀನಿ, ಪೇರ್ ಹಣ್ಣನ್ನ ಇಡಿಯಾಗಿ ಸಕ್ಕರೆ ನೀರಲ್ಲಿ ಬೇಯಿಸಿ" ಅಂತ ಫೋನಲ್ಲಿ ಹೇಳಿದ್ದೇ ತಡ, ಶುರುವಾಯ್ತು.

"ಬೇಯಿಸಿದ ಹಣ್ಣಾ? ಅದನ್ನ ಜ್ವರ ಬಂದೋರಿಗೆ ಕೊಡೋದಲ್ವನೋ? ಇಲ್ಲಾ ಹಲ್ಲು ಬರದ ಮಕ್ಕಳಿಗೆ..." ಇದು ಅತ್ತೆ. "ತುಪ್ಪ, ಗೋಡಂಬಿ ಇಲ್ದೇ ಇದ್ಮೇಲೆ ಅದೆಂತ ಸಿಹಿನೋ?" ಇದು ದೊಡ್ಡಪ್ಪ. ಕೇಕ್ ಆರ್ಡರ್ ಮಾಡೋಣ, ಫೋಟೋಗೂ ಚೆನ್ನಾಗಿರತ್ತೆ ಅಂದಿದ್ದು ಚಿಕ್ಕಪ್ಪನ ಮಗಳು.

ನಾನು ಯಾಕೆ ಹಟ ಹಿಡಿದೆ ಅನ್ನೋದಕ್ಕೆ ಐದು ವರ್ಷ ಹಿಂದೆ ಹೋಗಬೇಕು. 25ನೇ ವರ್ಷದ ದಿನ ಮನೇಲಿ ಹೋಳಿಗೆ. ಹೋಳಿಗೆ ಮೇಲೆ ನಂಗೆ ದ್ವೇಷ ಇಲ್ಲ, ಒಂದೇ ಪಂಕ್ತಿಯಲ್ಲಿ ಏಳು ಮುಗಿಸಿದ ದಾಖಲೆ ಇದೆ. ಆದ್ರೆ ಹೋಳಿಗೆ ಬಿಸಿಬಿಸಿ ಬೀಳಬೇಕು ಅಂದ್ರೆ ಕಾವಲಿ ಮುಂದೆ ಒಬ್ಬರು ನಿಂತಿರಲೇಬೇಕು. ಅವತ್ತು ನಿಂತಿದ್ದೋರು ಯಾರು ಹೇಳಿ? ಮದುವೆ ದಿನದ ಮದುಮಗಳೇ! ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆವರು ಒರೆಸಿಕೊಳ್ತಾ. ಅಮ್ಮ ಎಲೆ ಮುಂದೆ ಕೂತಾಗ ಗಂಟೆ ಮೂರೂವರೆ. ಅಷ್ಟೊತ್ತಿಗೆ ಅಪ್ಪನ ಒಂದು ನಿದ್ದೆ ಮುಗಿದಿತ್ತು. ನಾನೂ "ಇನ್ನೊಂದು ಹಾಕಮ್ಮ" ಅಂತ ಕೂಗಿದವನೇ, ತಪ್ಪಿಸಿಕೊಳ್ತಿಲ್ಲ.

ವಿಶೇಷ ದಿನದ ಸಿಹಿ ಹೇಗಿರಬೇಕು ಅಂತ ಕೇಳಿದ್ರೆ ನಾವೆಲ್ಲ ರುಚಿ, ಬಣ್ಣ, ತುಪ್ಪದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಅದನ್ನ ಮಾಡೋರು ಯಾವಾಗ ಊಟಕ್ಕೆ ಕೂರ್ತಾರೆ ಅಂತ ಯಾರಾದ್ರೂ ಕೇಳಿದ್ದು ನೀವು ಕೇಳಿದೀರಾ? ಬೇಯಿಸಿದ ಪೇರ್ ಹಣ್ಣಿನ ದೊಡ್ಡಸ್ತಿಕೆ ಇರೋದು ಇಲ್ಲೇ. ಅದನ್ನ ಹಿಂದಿನ ದಿನವೇ ಮಾಡಿಡಬೇಕು. ಮಾಡಿಡಬಹುದು ಅಲ್ಲ, ಮಾಡಿಡಲೇಬೇಕು. ರಾತ್ರಿಯಿಡೀ ಪಾಕದಲ್ಲಿ ಕೂತ್ರೇನೇ ಬಣ್ಣ, ರುಚಿ ಒಳಗಿನವರೆಗೆ ಇಳಿಯೋದು. ಊಟದ ಹೊತ್ತಿಗೆ ಒಲೆ ಹತ್ರ ಯಾರಿಗೂ ಕೆಲಸ ಇಲ್ಲ.

ಇನ್ನು ರೋಗಿಗಳ ಆಹಾರ ಅನ್ನೋ ಮಾತು. 1890ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆ ನೋಡಿಕೊಳ್ತಿದ್ದೋನು ಆಗುಸ್ಟ್ ಎಸ್ಕೊಫಿಯೆ ಅನ್ನೋ ಫ್ರೆಂಚ್ ಬಾಣಸಿಗ. ಆಸ್ಟ್ರೇಲಿಯಾದ ಹಾಡುಗಾರ್ತಿ ನೆಲ್ಲಿ ಮೆಲ್ಬಾಳ ಗೌರವಕ್ಕೆ ಒಂದು ಸಿಹಿ ಬೇಕಾಯ್ತು. ಮಾಡಿದ್ದೇನು ಗೊತ್ತಾ? ಹದವಾಗಿ ಬೇಯಿಸಿದ ಪೀಚ್ ಹಣ್ಣು, ಅಡಿಯಲ್ಲಿ ವೆನಿಲಾ ಐಸ್‌ಕ್ರೀಮ್. ಅವಳು ಹಾಡಿದ್ದ 'ಲೋಹೆನ್‌ಗ್ರಿನ್' ಒಪೆರಾದಲ್ಲಿ ಹಂಸ ಬರತ್ತೆ ಅಂತ ಮಂಜುಗಡ್ಡೆಯ ಹಂಸ ಕೆತ್ತಿಸಿ ಅದರ ರೆಕ್ಕೆಗಳ ಮಧ್ಯೆ ಇಟ್ಟು ತಂದ. ರಾಸ್ಪ್‌ಬೆರಿ ಸೇರಿದ್ದು ಆಮೇಲೆ. ಪೀಚ್ ಮೆಲ್ಬಾ ಹುಟ್ಟಿದ್ದು ಹೀಗೆ. ಊರಿಗೇ ದೊಡ್ಡ ಹೋಟೆಲಿನಲ್ಲಿ, ಅಷ್ಟು ದೊಡ್ಡ ಗಾಯಕಿಗೆ ಕೊಟ್ಟಿದ್ದು ಅತ್ತೆಯ ಪ್ರಕಾರ ಜ್ವರದ ಪಥ್ಯ!

ಹಂಸ ಅವತ್ತೇ ಕರಗಿ ಹೋಗಿರತ್ತೆ ಬಿಡಿ. ಬೇಜಾರೇನಂದ್ರೆ, ಅದೇ ಹೆಸರಲ್ಲಿ ನಂಗೆ ಬೆಂಗಳೂರಿನ ಹೋಟೆಲೊಂದರಲ್ಲಿ ಸಿಕ್ಕಿದ್ದು ಡಬ್ಬದ ಪೀಚು, ಜಾಮಿನಂಥ ಕೆಂಪು ಅಂಟು, ಮೇಲೊಂದು ಕ್ರೀಮಿನ ಗೋಪುರ. ಬೇಯಿಸಿದ ಹಣ್ಣಿನ ಹೆಸರು ಹಾಳಾಗಿರೋದು ಇಂಥದ್ದರಿಂದಲೇ.

ಹಣ್ಣು ಹಬ್ಬದ ಸಿಹಿ ಅಲ್ಲ ಅನ್ನೋರು ಮಾವಿನ ಕಾಲದಲ್ಲಿ ಸೀಕರಣೆಗೆ ಬಟ್ಟಲು ಒಡ್ಡೋದ್ಯಾಕೆ? ರಸಾಯನ ಅಂದ್ರೆ ಎರಡನೇ ಸಲ ಬಡಿಸಿಕೊಳ್ಳೋದ್ಯಾಕೆ?

ಅಡುಗೆ ಬರೆಯೋ ಬ್ಲಾಗ್ ಗೆಳೆಯರೇ, ನಿಮ್ಮ ಮೇಲೂ ಸ್ವಲ್ಪ ಇದೆ. ಇದಕ್ಕೆ ಕೆಂಪು ವೈನೇ ಆಗಬೇಕು, ವೆನಿಲಾ ಕೋಡೇ ಆಗಬೇಕು ಅಂತ ಹೆದರಿಸ್ತೀರಲ್ಲ. ಬರ್ಗಂಡಿಯವರು ವೈನ್ ಹಾಕೋದು ಅವರ ಊರಲ್ಲಿ ಅದು ಬೆಳೆಯತ್ತೆ ಅಂತ. ಅದರಿಂದ ಸಿಗೋದು ಬಣ್ಣ, ಹುಳಿ, ಒಂದಿಷ್ಟು ಒಗರು. ನಮ್ಮನೆ ಅಟ್ಟದ ಮೇಲೆ ಒಣಗಿದ ಮುರುಗಲು ಸಿಪ್ಪೆ (ಕರಾವಳಿಯವರ ಪುನರ್ಪುಳಿ) ಡಬ್ಬಗಟ್ಟಲೆ ಇದೆ. ಬಣ್ಣಕ್ಕೆ ಬಣ್ಣ, ಹುಳಿಗೆ ಹುಳಿ.

ಹಣ್ಣು ಆರಿಸೋದ್ರಲ್ಲೂ ಅದೇ ಕಥೆ. ಸ್ಟಿಕ್ಕರ್ ಅಂಟಿಸಿಕೊಂಡು ಮಿರುಗೋ ಆಮದು ಹಣ್ಣು ಬೇಕಾಗಿಲ್ಲ. ಊಟಿ ಕಡೆಯಿಂದ ಮಳೆಗಾಲದಲ್ಲಿ ಬರೋ ಗಟ್ಟಿ ಪೇರ್, ಬೆಂಗಳೂರಿನವರು ಬೇರಿಕಾಯಿ ಅಂತಾರಲ್ಲ, ಅದೇ ಸರಿ. ಮೆತ್ತಗೆ ಹಣ್ಣಾಗಿರೋದನ್ನ ಬೇಯಿಸಿದ್ರೆ ಗಂಜಿ. ನನ್ನ ಮೊದಲ ಪ್ರಯೋಗ ಹಾಗೇ ಹಾಳಾಗಿತ್ತು. ರೂಮಲ್ಲಿ ದೊಡ್ಡ ಉರಿ ಇಟ್ಟು ಆಫೀಸಿನ ಫೋನ್ ಹಿಡ್ಕೊಂಡು ಕೂತೆ. ಬಂದು ನೋಡಿದ್ರೆ ತೊಟ್ಟು ಬೇರೆ, ಹಣ್ಣು ಬೇರೆ.

ಎರಡು ಲೀಟರ್ ನೀರಿಗೆ 600 ಗ್ರಾಂ ಸಕ್ಕರೆ, ಹತ್ತು ಮುರುಗಲು ಸಿಪ್ಪೆ, ಒಂದು ತುಂಡು ದಾಲ್ಚಿನ್ನಿ, ನಾಲ್ಕು ಲವಂಗ. ಹನ್ನೆರಡು ಸಣ್ಣ ಹಣ್ಣು, ತೊಟ್ಟು ಉಳಿಸಿ ಸಿಪ್ಪೆ ತೆಗೆದು, ಕಪ್ಪಾಗದ ಹಾಗೆ ನಿಂಬೆಹುಳಿ ಹಿಂಡಿದ ನೀರಲ್ಲಿ ಹಾಕಿಟ್ಟಿದ್ದು. ಬರೀ ನೀರಲ್ಲಿ ಬೇಯಿಸಿದ್ರೆ ಹಣ್ಣಿನ ಸಿಹಿ ನೀರಿಗೆ ಹೋಗಿಬಿಡತ್ತೆ. ಪಾಕ ತೀರಾ ಗಟ್ಟಿಯಾದ್ರೆ ಹಣ್ಣಿನ ನೀರು ಹೊರಗೆ ಬಂದು ಮುರುಟಿಕೊಳ್ಳತ್ತೆ. ಹಾಗಾಗಿ ತೆಳು ಪಾಕ. ಈ ಮಾತಿಗೆ ಅಮ್ಮನ ಜೊತೆ ಜಗಳವೇ ಆಯ್ತು. ಒಂದೆಳೆ ಪಾಕ ಬರೋವರೆಗೆ ಬಿಡು ಅಂತಾಳೆ, ನಾನು ಬೇಡ ಅಂತೀನಿ. ಉರಿ ಸಣ್ಣಕ್ಕೆ, ತಳದಿಂದ ಒಂದೊಂದೇ ಗುಳ್ಳೆ ಏಳೋ ಹಾಗೆ. ಕೊತಕೊತ ಕುದಿಸಿದ್ರೆ ಅಂಚು ಒಡೆಯತ್ತೆ. ಹಣ್ಣು ಮೇಲೆ ತೇಲತ್ತೆ, ಅದನ್ನ ಅದುಮಿಡೋಕೆ ಫ್ರೆಂಚರು ಕಾಗದ ದುಂಡಗೆ ಕತ್ತರಿಸಿ ಮುಚ್ತಾರಂತೆ. ನಾನು ಬಾಳೆಎಲೆ ಕತ್ತರಿಸಿ ಮುಚ್ಚಿದೆ. ಹುಳಿ ಇದ್ರೆ ಹಣ್ಣು ಬೇಗ ಮೆತ್ತಗಾಗಲ್ಲ, ಮುಕ್ಕಾಲು ಗಂಟೆ ಹಿಡೀತು. ಚಾಕು ತಡೆಯಿಲ್ಲದೆ ಇಳಿದ ಮೇಲೆ ಒಲೆ ಆರಿಸಿ, ಪಾಕದಲ್ಲೇ ಬಿಟ್ಟು ಮಲಗಿದೆ. (ಸಕ್ಕರೆ ಕಾಯಿಲೆಯವರಿಗೆ ಒಳ್ಳೇದು ಅಂತೆಲ್ಲ ನಾನು ಹೇಳ್ತಿಲ್ಲ, 600 ಗ್ರಾಂ ಸಕ್ಕರೆ ಸುಮ್ನೆ ಮಾಯ ಆಗಲ್ಲ.)

ಬೆಳಿಗ್ಗೆ ನೋಡಿದ್ರೆ ಹಣ್ಣೆಲ್ಲ ಕೆಂಪು ರೇಷ್ಮೆ ಬಣ್ಣ. ಅರ್ಧ ಪಾಕ ಬಸಿದು ಅಮ್ಮನ ಕೈಗೆ ಕೊಟ್ಟೆ, "ಈಗ ಬೇಕಾದ್ರೆ ಎಳೆ ಬರಿಸು" ಅಂತ. ಸರಿಯಾಗಿ ಹೊಳೆಯೋ ಹದಕ್ಕೆ ಇಳಿಸಿದಳು. ಅಷ್ಟು ಬಿಟ್ರೆ ಆ ಸಿಹಿಗೆ ಅವಳ ಕೈ ತಾಗಿಲ್ಲ.

ಮಧ್ಯಾಹ್ನ ಮೊದಲ ಪಂಕ್ತಿಯಲ್ಲೇ ಅಪ್ಪನ ಪಕ್ಕ ಅಮ್ಮ ಕೂತಿದ್ದಳು. ಎರಡು ಸಲ ಎದ್ದು ಒಳಗೆ ಹೋಗೋಕೆ ನೋಡಿದಳು, ಅಭ್ಯಾಸ! ಎರಡು ಸಲವೂ ಕೂರಿಸಿದೆ. ಪಾಕ ಎಲೆ ಮೇಲೆ ಹರಿಯತ್ತೆ ಅಂತ ಬಟ್ಟಲಲ್ಲಿ ಒಂದೊಂದು ಹಣ್ಣು ನಿಲ್ಲಿಸಿ, ಸುತ್ತ ಗಟ್ಟಿ ತೆಂಗಿನಹಾಲು ಹಾಕಿ ಬಡಿಸಿದ್ದು ನಾನು. ಫೋಟೋ ತೆಗೆಯೋದು ಮರೆತೇಹೋಯ್ತು, ಕ್ಷಮಿಸಿ.

ದೊಡ್ಡಪ್ಪ ಮಾತಾಡದೇ ಬಟ್ಟಲು ಖಾಲಿ ಮಾಡಿದ್ರು. ಅತ್ತೆ ಮಾತ್ರ ಸೋಲೊಪ್ಪಲಿಲ್ಲ. ಹೊರಡೋವಾಗ ಉಳಿದ ಪಾಕವನ್ನ ಬಾಟಲಿಗೆ ತುಂಬಿಸಿಕೊಂಡು ಹೋದ್ರು, "ಮಳೆಗಾಲ ಅಲ್ವಾ, ಗಂಟಲಿಗೆ ಒಳ್ಳೇದು" ಅಂತ.