ಬೇಡತಿ ನೀಲೆ, ಭಟ್ಕಳದ ಪಂಡರಿಬಾಯಿ

ಭಟ್ಕಳದಲ್ಲಿ ಹುಟ್ಟಿದ ಪಂಡರಿಬಾಯಿಯವರು 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರಕ್ಕಾಗಿ ಬೇಡತಿ ನೀಲೆಯಾದರು. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಆ ಚಿತ್ರವನ್ನು ರಾಜಕುಮಾರರು ನಾಯಕರಾದ ಮೊದಲ ಚಿತ್ರವೆಂದು ಕನ್ನಡಿಗರು ನೆನೆಯುತ್ತಾರೆ, ಅದು ಸಹಜವೇ. ಆದರೆ ಭಕ್ತಿಯ ಕಥೆಯನ್ನು ತೆರೆಗೆ ತರುವಾಗ ಯಾವ ಜನರಿಗೆ ಎಷ್ಟು ಎಡೆ ದೊರೆಯಿತು, ಎಂಥ ಗೌರವ ದೊರೆಯಿತು ಎಂಬುದನ್ನೂ ವಿಚಾರಿಸುವುದು ಅಗತ್ಯ.

ಭಟ್ಕಳ, ಹೊನ್ನಾವರ, ಕುಮಟೆಗಳ ಪ್ರೇಕ್ಷಕರಿಗೆ ಪುರಾಣವನ್ನು ಮೊದಲು ತೋರಿಸಿದ್ದು ಸಿನಿಮಾ ಅಲ್ಲ, ಯಕ್ಷಗಾನ. ಹೊನ್ನಾವರ ತಾಲ್ಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ಬಯಲಾಟದಲ್ಲಿ ಕಿರಾತನು ಪ್ರವೇಶಿಸಿದನೆಂದರೆ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ತಪಸ್ಸಿಗೆ ಕುಳಿತ ಅರ್ಜುನನನ್ನು ಕೆಣಕಿ, ಕಾದಾಡಿ, ಸೋಲಿಸುವ ಆ ಬೇಡನು ಯಾರು? ವೇಷ ಮರೆಸಿಕೊಂಡ ಶಿವನೇ! ಬೇಡನಿಗೆ ನಾವು ಕೈಮುಗಿಯುವುದು ಅವನು ನಿಜವಾಗಿ ಬೇಡನಲ್ಲವೆಂಬ ಭರವಸೆ ದೊರೆತ ಮೇಲೆ. ಸ್ತ್ರೀಪಾತ್ರಗಳ ಮಾತು ಬೇರೆ. ಸೀತೆ, ದ್ರೌಪದಿಯರೆಲ್ಲರೂ ಬಹುಕಾಲ ಗಂಡಸರೇ.

ಚಿತ್ರದಲ್ಲಿ ನೀಲೆಯ ಪಾತ್ರಕ್ಕೆ ಹೆಣ್ಣೊಬ್ಬಳು ಬಂದಳು. ಆದರೆ ಕಿರಾತನ ಕಥೆಯಲ್ಲಿದ್ದ ಅಳುಕು ಇಲ್ಲಿಯೂ ಹೋಗಲಿಲ್ಲ. ಹನ್ನೆರಡನೆಯ ಶತಮಾನದ ತಮಿಳು 'ಪೆರಿಯಪುರಾಣ'ದಲ್ಲಿ ತಿಣ್ಣನು ಬೇಡರ ನಾಯಕ ನಾಗನ ಮಗ. ತಾನು ತಿಂದು ರುಚಿ ನೋಡಿದ ಮಾಂಸವನ್ನು ಶಿವನಿಗೆ ಉಣಬಡಿಸುತ್ತಾನೆ; ಲಿಂಗದ ಕಣ್ಣಲ್ಲಿ ರಕ್ತ ಒಸರಿದಾಗ ತನ್ನ ಕಣ್ಣನ್ನು ಕಿತ್ತಿಡುತ್ತಾನೆ. ಚಿತ್ರದ ದಿಣ್ಣನೂ ನೀಲೆಯೂ ಹಾಗಲ್ಲ. ದೇವಲೋಕದಿಂದ ಉಚ್ಚಾಟಿತರಾಗಿ ಬೇಡರಲ್ಲಿ ಹುಟ್ಟಿದ ದಂಪತಿಗಳು. ಬೇಡನ ಭಕ್ತಿಯು ಅರ್ಚಕನ ಮಡಿಗಿಂತ ದೊಡ್ಡದೆಂದು ಸಾರಿದ ಚಿತ್ರವೇ ಆ ಭಕ್ತಿಯ ಮೂಲವನ್ನು ಕಾಡಿನಲ್ಲಿ ಅರಸದೆ ಸ್ವರ್ಗದಲ್ಲಿ ಅರಸಿತು. ಒಂದು ಕೈಯಿಂದ ಕೊಟ್ಟದ್ದರಲ್ಲಿ ಅರ್ಧವನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆದಂತಾಯಿತು.

ಹಾಗೆಂದು ಚಿತ್ರವನ್ನು ತಳ್ಳಿಹಾಕುವುದು ನ್ಯಾಯವಲ್ಲ. ದೇವಾಲಯದ ಪ್ರಧಾನ ಅರ್ಚಕನೇ ಬೇಡನ ಮೇಲೆ ಕಳ್ಳತನದ ಆರೋಪ ಹೊರಿಸಿ ಹಿಂಸೆಗೆ ಗುರಿಮಾಡುವುದನ್ನು ಆ ಕಾಲದಲ್ಲಿ, ಅದೂ ಭಕ್ತಿಚಿತ್ರದಲ್ಲಿ, ತೋರಿಸುವುದಕ್ಕೆ ಎದೆಗಾರಿಕೆ ಬೇಕು. ಕುಮಟೆಯ ಸಂತೆಗೆ ಬರುವ ಹಾಲಕ್ಕಿ ಒಕ್ಕಲಿಗರ ಹೆಂಗಸರನ್ನು, ಅವರ ಕೊರಳ ತುಂಬ ಇಳಿಬಿದ್ದ ಮಣಿಸರಗಳನ್ನು ದಿನವೂ ಕಂಡವರು ಮಾತ್ರ ಒಂದು ಮಾತನ್ನು ಕೇಳಿಯಾರು: ಸ್ಟುಡಿಯೋದ ಕಾಡಿನಲ್ಲಿ ಬಣ್ಣ ಹಚ್ಚಿದವರೆಲ್ಲ ಪಟ್ಟಣದ ನಟರೇ ಏಕೆ? ಕಾಡಿನ ಅಂಚಿನಲ್ಲೇ ಬಾಳುವವರು ಎಲ್ಲಿ?

ಶಾಪದ ಕಥೆಯನ್ನು ಬಿಟ್ಟುಕೊಡಲು ಕನ್ನಡ ಚಿತ್ರರಂಗಕ್ಕೆ ಸಮಯ ಹಿಡಿಯಿತು. 1990ರ 'ಸಂತ ಶಿಶುನಾಳ ಶರೀಫ'ದಲ್ಲಿ, ನಾಗಾಭರಣರ ನಿರ್ದೇಶನದಲ್ಲಿ, ಶ್ರೀಧರ್ ಅವರ ಶರೀಫನೂ ಗಿರೀಶ ಕಾರ್ನಾಡರ ಗೋವಿಂದಭಟ್ಟನೂ ಗುರುಶಿಷ್ಯರಾಗಿ ಎದುರುಬದುರು ನಿಂತರು. ಶರೀಫನು ಸಂತನಾಗಲು ಹಿಂದಿನ ಜನ್ಮದ ರುಜುವಾತನ್ನು ಯಾರೂ ಕೇಳಲಿಲ್ಲ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದದ್ದು ಇರಲಿ. ಭಟ್ಕಳದ ನವಾಯತರ ಮನೆಯ ಹುಡುಗನೊಬ್ಬನು ಅದನ್ನು ನೋಡಿದರೆ, ಸಂತನ ಹೆಸರು ತನ್ನ ಮನೆಯವರ ಹೆಸರಿನಂತೆಯೇ ಇದೆಯೆಂಬುದನ್ನು ಮೊದಲು ಗಮನಿಸಿಯಾನು.

ಹೆಣ್ಣಿನ ಮಟ್ಟಿಗೆ ಆ ಕೆಲಸ ಬಹಳ ಹಿಂದೆಯೇ ಆರಂಭವಾಗಿತ್ತು. ಕಣ್ಣಪ್ಪನ ಕಥೆಯಲ್ಲಿ ಕಣ್ಣನ್ನು ಕೀಳುವ ಕೈ ಗಂಡನದು. ನೀಲೆ ಅವನ ಮಗ್ಗುಲಲ್ಲಿರುವವಳು. ಮರುವರ್ಷ, 1955ರಲ್ಲಿ, 'ಸಂತ ಸಖು' ಬಂದಿತು. ಅತ್ತೆಯ ಮನೆಯಲ್ಲಿ ದುಡಿದು ಬಳಲಿದ ಸಖು ಪಂಢರಪುರಕ್ಕೆ ಹೋಗಲೆಂದು ವಿಠಲನೇ ಅವಳ ರೂಪ ತಾಳಿ, ಅವಳ ಬದಲು ಮನೆಗೆಲಸ ಮಾಡಿದನೆಂಬುದು ಐತಿಹ್ಯ. ಇಲ್ಲಿ ವೇಷ ಮರೆಸಿಕೊಳ್ಳುವವನು ದೇವರು, ಸಖು ಸೊಸೆಯಾಗಿಯೇ ಭಕ್ತೆ. ಸಖುವಿನ ಪಾತ್ರವನ್ನು ವಹಿಸಿದವರೂ ಪಂಡರಿಬಾಯಿಯವರೇ.