ವಂಶವಾಹಿ ಅನ್ನಬೇಡಿ, ಜೀನ್ ಅನ್ನಿ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೈಗೆ ಬಂದ ಇಂಗ್ಲಿಷ್ ರಿಪೋರ್ಟನ್ನು ಊರಿನವರಿಗೆ ಫೋನಿನಲ್ಲಿ ವಿವರಿಸುವಾಗ, 'ಜೆನೆಟಿಕ್' ಎಂಬ ಪದ ಕನ್ನಡದಲ್ಲಿ 'ಆನುವಂಶಿಕ' ಆಗಿಬಿಡುತ್ತದೆ. ಅಲ್ಲಿಂದ ಮುಂದೆ ನಡೆಯುವುದು ವಿಚಾರಣೆ. ನಮ್ಮ ಕಡೆ ಯಾರಿಗೂ ಹೀಗಿರಲಿಲ್ಲವಲ್ಲ, ನಿಮ್ಮ ತವರಿನಲ್ಲಿ ಯಾರಿಗಾದರೂ ಇತ್ತೇನಮ್ಮಾ? ಮಗುವಿನ ಕಾಯಿಲೆ ಐದು ನಿಮಿಷದಲ್ಲಿ ಸೊಸೆಯ ಮನೆತನದ ಕಾಯಿಲೆಯಾಗುತ್ತದೆ.

ಈ ಅನುವಾದ ತಪ್ಪು. ಎಷ್ಟು ತಪ್ಪು ಎಂದು ತೋರಿಸಲು ಒಂದೇ ಜೀನ್ ಸಾಕು. ಅದರ ಹೆಸರು ಎಂಇಸಿಪಿ2, ಇರುವ ಜಾಗ ಎಕ್ಸ್ ಕ್ರೋಮೋಸೋಮು. ಅದರಿಂದ ತಯಾರಾಗುವ ಪ್ರೋಟೀನು ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಕೆಲಸ ಮಾಡುತ್ತದೆ. ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಬಿದ್ದ ಜಾಗಗಳನ್ನು ಹಿಡಿದುಕೊಂಡು, ಜೊತೆಗೆ ಬೇರೆ ಪ್ರೋಟೀನುಗಳನ್ನೂ ಕರೆತಂದು, ಅಲ್ಲಿನ ಜೀನ್‌ಗಳು ಆರ್‌ಎನ್‌ಎ ಆಗಿ ನಕಲಾಗುವುದನ್ನು ತಗ್ಗಿಸುತ್ತದೆ. ಏಡ್ರಿಯನ್ ಬರ್ಡ್ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿತು. ರೇಡಿಯೋದ ಸದ್ದು ತಗ್ಗಿಸುವ ತಿರುಪಿನಂತಹ ಕೆಲಸ ಅಂದುಕೊಳ್ಳಿ. ಮಿದುಳಿನ ನರಕೋಶಗಳಲ್ಲಿ ಈ ಪ್ರೋಟೀನು ಹೇರಳ. ಅದು ಕೆಟ್ಟರೂ ತೊಂದರೆ, ಜೀನ್‌ನ ಇನ್ನೊಂದು ಪ್ರತಿ ಸೇರಿ ಹೆಚ್ಚಾದರೂ ತೊಂದರೆ.

ಕೆಟ್ಟಾಗ ಬರುವುದು ರೆಟ್ ಸಿಂಡ್ರೋಮ್. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಎಲ್ಲರಂತೆಯೇ ಬೆಳೆಯುತ್ತಿರುವಂತೆ ಕಂಡ ಮಗು ಕಲಿತ ಮಾತನ್ನು ಬಿಡುತ್ತದೆ, ಆಟಿಕೆ ಹಿಡಿಯುತ್ತಿದ್ದ ಕೈಗಳು ಬಟ್ಟೆ ಹಿಂಡುವ ಹಾಗೆ ಒಂದನ್ನೊಂದು ಹೊಸೆಯತೊಡಗುತ್ತವೆ. ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲೇ ಇದನ್ನು ಬರೆದಿಟ್ಟರು. ಜಗತ್ತು ಕಿವಿಗೊಟ್ಟದ್ದು 1983ರಲ್ಲಿ, ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು ಬರೆದ ಮೇಲೆ. ಕಾರಣ ಎಂಇಸಿಪಿ2 ಎಂದು ಹೂಡಾ ಜೋಘ್ಬಿ ಅವರ ಪ್ರಯೋಗಾಲಯ ತೋರಿಸಿದ್ದು 1999ರಲ್ಲಿ.

ಈಗ ವಂಶದ ಪ್ರಶ್ನೆಗೆ ಬರೋಣ. ನೂರಕ್ಕೆ ಸುಮಾರು 99 ಪ್ರಕರಣಗಳಲ್ಲಿ ಈ ದೋಷ ತಾಯಿಯ ರಕ್ತದಲ್ಲೂ ಇಲ್ಲ, ತಂದೆಯ ರಕ್ತದಲ್ಲೂ ಇಲ್ಲ. ಅದು ಹೊಸದಾಗಿ ಆದ ಬದಲಾವಣೆ. ಅದರಲ್ಲೂ ಬಹುಪಾಲು ಆಗುವುದು ತಂದೆಯ ವೀರ್ಯಾಣುವಿನಲ್ಲಿ! ಅಂಡಾಣುಗಳಾಗುವ ಕೋಶಗಳ ವಿಭಜನೆ ಹೆಣ್ಣು ಹುಟ್ಟುವ ಮೊದಲೇ ಹೆಚ್ಚುಕಡಿಮೆ ಮುಗಿದಿರುತ್ತದೆ. ವೀರ್ಯಾಣುಗಳಿಗಾಗಿ ಗಂಡಸಿನ ಕೋಶಗಳು ವಯಸ್ಸಿಡೀ ವಿಭಜನೆಯಾಗುತ್ತಲೇ ಇರುತ್ತವೆ, ಪ್ರತಿ ಸಲವೂ ನಕಲು ತೆಗೆಯಬೇಕು. ಇದರ ಜೊತೆಗೆ ಒಂದು ವಿಚಿತ್ರವಿದೆ. ಮೀಥೈಲ್ ಗುರುತು ಬಿದ್ದ 'ಸಿ' ಅಕ್ಷರ ಸುಲಭವಾಗಿ 'ಟಿ' ಆಗಿಬಿಡುತ್ತದೆ, ರೆಟ್‌ನಲ್ಲಿ ಪದೇ ಪದೇ ಕಾಣುವ ದೋಷಗಳು ಇಂಥವೇ. ಬೇರೆ ಜೀನ್‌ಗಳ ಮೇಲಿರುವ ಯಾವ ಗುರುತನ್ನು ಓದುವುದು ಈ ಪ್ರೋಟೀನಿನ ಕೆಲಸವೋ, ಅದೇ ಗುರುತು ಇದರ ಸ್ವಂತ ಜೀನ್‌ಗೆ ಕಂಟಕ. ತಂದೆಯ ಎಕ್ಸ್ ಮಗಳಿಗೆ ಮಾತ್ರ ಹೋಗುತ್ತದೆ, ಮಗನಿಗೆ ಹೋಗುವುದು ವೈ. ಈ ಕಾಯಿಲೆ ಹೆಚ್ಚಾಗಿ ಹೆಣ್ಣುಮಕ್ಕಳಲ್ಲೇ ಕಾಣುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಈಗ ಮಾವನ ಮನೆಯ ವಂಶಾವಳಿ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ, ಬಿಚ್ಚಿದರೆ ಅಲ್ಲೂ ಏನೂ ಸಿಗುವುದಿಲ್ಲ. ಕೋಟಿಗಟ್ಟಲೆ ನಕಲುಗಳಲ್ಲಿ ಒಂದರಲ್ಲಿ ಒಂದಕ್ಷರ ತಪ್ಪಿತು, ಅಷ್ಟೆ. ಬಸಿರಿಯಾಗಿದ್ದಾಗ ಅವಳು ತಿಂದ ಪಪ್ಪಾಯಿಗೂ ನೋಡಿದ ಗ್ರಹಣಕ್ಕೂ ಮಾಡಿದ ನೌಕರಿಗೂ ಇದಕ್ಕೂ ಸಂಬಂಧವಿಲ್ಲ.

ಅಪರೂಪಕ್ಕೆ ತಾಯಿಯಲ್ಲಿ ಈ ದೋಷ ಲಕ್ಷಣವಿಲ್ಲದೆ ಅಡಗಿರುವುದುಂಟಲ್ಲ ಎಂದು ಬಲ್ಲವರು ಕೇಳಬಹುದು. ಉಂಟು. ರಕ್ತದಲ್ಲಿ ಕಾಣದೆ ಅಂಡಾಣು, ವೀರ್ಯಾಣುಗಳಲ್ಲಿ ಕೆಲವಕ್ಕೆ ಮಾತ್ರ ಇರುವುದೂ ಉಂಟು. ಆದ್ದರಿಂದಲೇ ಇನ್ನೊಂದು ಮಗು ಬೇಕೆನ್ನುವವರು ಮೊದಲು ಪರೀಕ್ಷೆ ಮಾಡಿಸಿ ಸಲಹೆ ಪಡೆಯಬೇಕು. ಅದು ಮುಂದಿನ ನಿರ್ಧಾರಕ್ಕಾಗಿ ಮಾಡಿಸುವ ಪರೀಕ್ಷೆ, ಹಿಂದಿನ ತಪ್ಪು ಹುಡುಕಲಿಕ್ಕಲ್ಲ.

ಪಠ್ಯಪುಸ್ತಕದಲ್ಲಿ ನೆಲೆನಿಂತ 'ವಂಶವಾಹಿ'ಯನ್ನು ಬಿಡಬೇಕೆ? ಥಲಸ್ಸೀಮಿಯಾದಂಥ ಕಾಯಿಲೆಗಳು ವಂಶದಲ್ಲಿ ಹರಿದುಬರುವುದು ನಿಜ, ಅಲ್ಲಿ 'ಆನುವಂಶಿಕ' ಸರಿಯಾದ ಮಾತು. ಆದರೆ ಜೀನ್‌ನ ಹಲವು ಕೆಲಸಗಳಲ್ಲಿ ವಂಶವನ್ನು ಹೊರುವುದೊಂದು ಕೆಲಸ. ಎಂಇಸಿಪಿ2 ಈ ಹೊತ್ತು, ಇದನ್ನು ಓದುತ್ತಿರುವ ನಿಮ್ಮ ತಲೆಯೊಳಗೂ ದುಡಿಯುತ್ತಿದೆ. 2007ರಲ್ಲಿ ಬರ್ಡ್ ಅವರ ತಂಡ, ಈ ಜೀನನ್ನು ತಡೆದು ಬೆಳೆಸಿದ ಇಲಿಗಳಲ್ಲಿ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದನ್ನು ಮತ್ತೆ ಚಾಲೂ ಮಾಡಿತು. ಇಲಿಗಳು ಬಹಳಮಟ್ಟಿಗೆ ಚೇತರಿಸಿಕೊಂಡವು. ಮನುಷ್ಯರಲ್ಲಿ ಅದು ಇನ್ನೂ ದೂರದ ಮಾತು. ಆದರೂ ಇದನ್ನು ಹಣೆಬರಹ ಎನ್ನುವವರು ಆ ಇಲಿಗಳಿಗೆ ಉತ್ತರ ಹೇಳಬೇಕು.

ಕನ್ನಡ ಬಲ್ಲ ವೈದ್ಯರಲ್ಲಿ, ಜೆನೆಟಿಕ್ ಕೌನ್ಸೆಲರ್‌ಗಳಲ್ಲಿ ನನ್ನ ಬೇಡಿಕೆ ಸಣ್ಣದು. ರಿಪೋರ್ಟಿನ ಜೊತೆ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಿ: ಇದು ಜೀನ್‌ನಲ್ಲಿ ಹೊಸದಾಗಿ ಆದ ಬದಲಾವಣೆ, ಮನೆತನದಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಪರೀಕ್ಷೆಯಿಂದ ಅದು ಖಚಿತವಾದ ಕಡೆಯಾದರೂ ಬರೆದುಕೊಡಿ. ಮತ್ತೆ, ಆ ಚೀಟಿಯನ್ನು ಊರಿಗೆ ಫೋನ್ ಮಾಡಿ ಓದಬೇಕಾದವನು ಗಂಡ. ಅವನ ಅಮ್ಮನಿಗೆ, ಅವನೇ.