ಲಾರಿ ನಿಂತಾಗ ಓಡುವ ಮೀಟರ್

ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವವರ ಮನೆಯ ತಿಂಗಳ ಲೆಕ್ಕ ನಮ್ಮ ನಿಮ್ಮ ಲೆಕ್ಕದ ಹಾಗಲ್ಲ. ನಮಗೆ ರಜೆ ಹಾಕಿದ್ರೂ ಸಂಬಳ ಬರುತ್ತೆ. ಅವರಿಗೆ ಚಕ್ರ ತಿರುಗಿದ ದಿನ ಮಾತ್ರ ದುಡ್ಡು. ಲಾರಿ ಗ್ಯಾರೇಜಿನಲ್ಲಿ ನಿಂತರೂ ಫೈನಾನ್ಸ್ ಕಂತು ನಿಲ್ಲಲ್ಲ, ಮಕ್ಕಳ ಸ್ಕೂಲ್ ಫೀಸು ನಿಲ್ಲಲ್ಲ. ಗ್ಯಾರೇಜ್ ಬಿಲ್ಲು ಯಾಕೆ ಹಿಗ್ಗುತ್ತೆ ಅಂತ ತಿಳಿಯಬೇಕಾದ್ರೆ ಇಲ್ಲಿಂದಲೇ ಶುರು ಮಾಡಬೇಕು.

ನಮ್ಮ ಸೋದರಮಾವ ಅಂಥವರಲ್ಲೊಬ್ಬರು. ಯಲಹಂಕದಲ್ಲಿ ಮನೆ, ಆರು ಚಕ್ರದ ಒಂದು ಲಾರಿ. ಚಿತ್ರದುರ್ಗದ ಕಡೆಯಿಂದ ಯಶವಂತಪುರ ಎಪಿಎಂಸಿ ಯಾರ್ಡಿಗೆ ಈರುಳ್ಳಿ ತರ್ತಾರೆ, ವಾಪಸ್ ಹೋಗುವಾಗ ಪೀಣ್ಯದಿಂದ ಏನಾದ್ರೂ ಲೋಡು ಹಿಡೀತಾರೆ. ನಾನು ಹೆಬ್ಬಾಳದ ಆಫೀಸೊಂದರಲ್ಲಿ ಅಕೌಂಟ್ಸ್ ನೋಡೋದ್ರಿಂದ ಅವರ ಬಿಲ್ಲುಗಳೆಲ್ಲ ನನ್ನ ವಾಟ್ಸ್ಆ್ಯಪ್‌ಗೇ ಬರುತ್ತವೆ.

ತುಮಕೂರು ರಸ್ತೆಯಲ್ಲಿ ಲಾರಿ ಓಡಿಸುವವರಿಗೆ ಕ್ಲಚ್ ಅನ್ನೋದು ಸದಾ ಇರುವ ತಲೆನೋವು. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದ್ದು ನಿಮಗೆ ನೆನಪಿರಬಹುದು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳನ್ನು ಮತ್ತೆ ಬಿಟ್ಟರು. ಭಾರಿ ವಾಹನಗಳು ಮಾತ್ರ 2024ರವರೆಗೂ ಕೆಳಗಿನ ರಸ್ತೆಯಲ್ಲೇ ತೆವಳಬೇಕಾಯ್ತು. ಲೋಡು ಹೊತ್ತ ಲಾರಿ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹತ್ತು ಅಡಿ ಹೋಗಿ ನಿಂತು, ಮತ್ತೆ ಹತ್ತು ಅಡಿ ಹೋದರೆ ಪ್ರತಿ ಸಲವೂ ಕ್ಲಚ್ ಪ್ಲೇಟ್ ಉಜ್ಜುತ್ತೆ, ಬಿಸಿಯಾಗುತ್ತೆ, ಸವೆಯುತ್ತೆ. ಹೈವೇಯಲ್ಲಿ ವರ್ಷಗಟ್ಟಲೆ ಬಾಳುವ ಪ್ಲೇಟು ಊರೊಳಗೆ ಬೇಗ ಮುಗಿಯುತ್ತೆ. ಇದರಲ್ಲಿ ಮೋಸ ಏನಿಲ್ಲ. ಮೋಸಕ್ಕೆ ಜಾಗ ಸಿಗೋದು ಇದಾದ ಮೇಲೆ.

ಮಾವನ ಲಾರಿ ಯಶವಂತಪುರದ ಹತ್ತಿರ ಎಳೆಯೋದನ್ನ ನಿಲ್ಲಿಸಿದಾಗ ಪಕ್ಕದಲ್ಲೇ ಇದ್ದ ಗ್ಯಾರೇಜಿಗೆ ತಳ್ಳಿಸಿದರು. ಹೆಸರು ಬೇಡ. “ಅಣ್ಣ, ಕ್ಲಚ್ ಹೋಗಿದೆ. ಹದಿನೆಂಟು, ಇಪ್ಪತ್ತರೊಳಗೆ ಮುಗಿಯುತ್ತೆ. ನಾಳೆ ಸಂಜೆ ಗಾಡಿ ತಗೊಂಡ್ಹೋಗಿ” ಅಂದರಂತೆ. ಗೇರ್‌ಬಾಕ್ಸ್ ಕೆಳಗಿಳಿಯಿತು. ನಾಳೆ ಅನ್ನೋದು ನಾಲ್ಕು ದಿನ ಆಯ್ತು. ಐದನೇ ದಿನ ಬಂದ ಬಿಲ್ಲು 43,600 ರೂಪಾಯಿ.

ಬಿಳಿ ಹಾಳೆ, ಮೇಲೆ ಅಂಗಡಿ ಹೆಸರಿಲ್ಲ, ನಂಬರಿಲ್ಲ. ಕ್ಲಚ್ ಸೆಟ್ 16,800, ರಿಲೀಸ್ ಬೇರಿಂಗ್ 2,900, ಫ್ಲೈವೀಲ್ ಲೇತ್ ಕೆಲಸ 3,500, ಗೇರ್ ಆಯಿಲ್ 16 ಲೀಟರ್ 6,400, ಲೇಬರ್ 9,500, ಇತರೆ 4,500. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತೆ. ಆದರೆ ಕ್ಲಚ್ ಸೆಟ್ಟಿನ ಖಾಲಿ ಡಬ್ಬ ಅಲ್ಲೇ ಬಿದ್ದಿತ್ತು. ಬೇರಿಂಗೂ ಸೇರಿದ ಸೆಟ್ಟು ಅಂತ ಅದರ ಮೇಲೇ ಬರೆದಿತ್ತು. ಗೇರ್‌ಬಾಕ್ಸಿಗೆ ಎಷ್ಟು ಆಯಿಲ್ ಬೇಕು ಅಂತ ಲಾರಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಹದಿನಾರರ ಅರ್ಧಕ್ಕಿಂತ ಹೆಚ್ಚೇನೂ ಇರಲಿಲ್ಲ. ‘ಇತರೆ’ ಅಂದ್ರೆ ಏನು ಅಂತ ಕೇಳಿದೆ. “ಮೇಡಂ, ಅದೆಲ್ಲ ಬಂದೇ ಬರುತ್ತೆ” ಅನ್ನೋದೇ ಉತ್ತರ.

ಒಂದು ಗಂಟೆ ಮಾತಾಡಿದ ಮೇಲೆ ಬೇರಿಂಗ್ ಹೋಯ್ತು, ಆಯಿಲ್ ಅರ್ಧವಾಯ್ತು, ಇತರೆ ಮಾಯವಾಯ್ತು. ಕೊನೆಗೆ 33,000. ಮೊದಲು ಹೇಳಿದ್ದಕ್ಕಿಂತ ಆಗಲೂ ಹದಿಮೂರು ಸಾವಿರ ಜಾಸ್ತಿ. ಇನ್ನೂ ಕೇಳೋಣ ಅಂತ ನಾನಂದೆ. ಮಾವ ಬೇಡ ಅಂದರು. “ನೋಡಮ್ಮ, ಕಂತು ತಿಂಗಳಿಗೆ 38,000. ದಿನಕ್ಕೆ ಸಾವಿರದ ಇನ್ನೂರು ಚಿಲ್ಲರೆ. ನಾಳೆ ಲೋಡು ಒಪ್ಕೊಂಡಿದೀನಿ. ಇವತ್ತು ಜಗಳ ಗೆದ್ದರೆ ನಾಳೆ ಬಾಡಿಗೆ ಹೋಯ್ತು” ಅಂತ ದುಡ್ಡು ಎಣಿಸಿದರು.

ಮಾವನ ಲೆಕ್ಕ ಸರಿ. ಆ ಲೆಕ್ಕ ಗ್ಯಾರೇಜಿನವನಿಗೂ ಗೊತ್ತಿತ್ತು. ಬೈಕ್ ರಿಪೇರಿಯಲ್ಲಿ ನೀವು “ಬೇಡ ಬಿಡಿ, ನಾಳೆ ಬರ್ತೀನಿ” ಅಂತ ಆಟೊ ಹತ್ತಬಹುದು. ಗೇರ್‌ಬಾಕ್ಸ್ ಬಿಚ್ಚಿಟ್ಟ ಲಾರಿಯ ಮಾಲೀಕನಿಗೆ ಆ ದಾರಿ ಇಲ್ಲ. ದಿನ ಕಳೆದಷ್ಟೂ ಅವನ ಚೌಕಾಸಿ ಶಕ್ತಿ ಕರಗುತ್ತೆ, ಬಿಲ್ಲು ಬೆಳೆಯುತ್ತೆ.

ಕಾನೂನು ಎಲ್ಲಿ ನಿಲ್ಲುತ್ತೆ?

ಮೊದಲು ಕಹಿ ಸುದ್ದಿ. ದುಡ್ಡು ಕೊಡುವ ತನಕ ಗಾಡಿ ಬಿಡಲ್ಲ ಅನ್ನೋದು ಬರೀ ಧಮಕಿ ಅಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಒಪ್ಪಿದ ಕೆಲಸ ಮಾಡಿ ಮುಗಿಸಿದವನು ತನ್ನ ನ್ಯಾಯವಾದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಒಪ್ಪಿದ ಕೂಲಿ ಎಷ್ಟು ಅನ್ನೋದಕ್ಕೆ ಕಾಗದ ಇಲ್ಲದಿದ್ದರೆ ‘ನ್ಯಾಯ’ ಯಾವುದು ಅಂತ ಗ್ಯಾರೇಜಿನವನೇ ಹೇಳ್ತಾನೆ.

ಇನ್ನು ಸಿಹಿ ಸುದ್ದಿ. ದೂರು ಕೊಡ್ತೀನಿ ಅಂದರೆ ಸಾಮಾನ್ಯವಾಗಿ ಬರುವ ಮಾತು, “ಲಾರಿ ಅಂದ್ರೆ ವ್ಯಾಪಾರ, ನೀವು ಗ್ರಾಹಕರೇ ಅಲ್ಲ.” ಸುಪ್ರೀಂ ಕೋರ್ಟ್ 1995ರಲ್ಲೇ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಕೋರ್ಟು ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಲಾರಿಯೂ ಇದೆ: ಲಾರಿ ಕೊಂಡು ಹೊಟ್ಟೆಪಾಡಿಗೆ ತಾನೇ ಬಾಡಿಗೆ ಓಡಿಸುವವನು ಗ್ರಾಹಕನೇ. ಜೊತೆಗೆ ಒಬ್ಬಿಬ್ಬರು ಸಹಾಯಕರಿದ್ದರೂ ಪರವಾಗಿಲ್ಲ. ಪೂರ್ತಿ ಬೇರೆಯವರ ಕೈಗೇ ಕೊಟ್ಟು ಓಡಿಸಿದರೆ ಮಾತ್ರ ಈ ರಕ್ಷಣೆ ಸಿಗಲ್ಲ.

ಒಂದು ಸೂಕ್ಷ್ಮ ಇದೆ. ಆ ತೀರ್ಪು ವಸ್ತು ಕೊಂಡವರ ಬಗ್ಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯಲ್ಲೂ ಸ್ವಂತ ದುಡಿಮೆಗಾಗಿ ಕೊಂಡ ‘ಸರಕು’ ಅಂತಲೇ ಇದೆ. ಹಾಗಾಗಿ ಬಿಡಿಭಾಗದ ದುಡ್ಡು ಬೇರೆ, ಕೂಲಿ ಬೇರೆ ಅಂತ ಬಿಲ್ಲಿನಲ್ಲಿ ಬರೆಸಿಕೊಂಡರೆ ಮುಂದೆ ನಿಮ್ಮ ಕೈ ಗಟ್ಟಿ. ಬಿಲ್ಲು ಕೊಡದೇ ಇರೋದನ್ನೂ ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ.

ದೂರಿಗೆ ಮೊದಲು 1915ಕ್ಕೆ ಫೋನ್ ಮಾಡಿ, ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಅರ್ಜಿ ಶುಲ್ಕ ಇಲ್ಲ, ಘಟನೆಯಾದ 2 ವರ್ಷದೊಳಗೆ ಸಲ್ಲಿಸಬೇಕು. ಆನ್‌ಲೈನಲ್ಲೇ ಹಾಕಬಹುದು.

ಬಿಚ್ಚುವ ಮುಂಚೆ

ಇಷ್ಟಾದರೂ ಕೇಸು ಹಾಕಿ ವರ್ಷ ಕಾಯುವ ತಾಳ್ಮೆ ಲಾರಿಯವರಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಸ್ಪ್ಯಾನರ್ ಹಾಕುವ ಮುಂಚಿನ ಹದಿನೈದು ನಿಮಿಷವೇ ಮುಖ್ಯ. ಆ ಬಿಲ್ಲಾದ ಮೇಲೆ ನಮ್ಮ ಮನೆಯಲ್ಲಿ ಮಾಡಿಕೊಂಡ ಪದ್ಧತಿ ಇಷ್ಟು:

1. ಅಂದಾಜು ಬಾಯಲ್ಲಿ ಬೇಡ, ವಾಟ್ಸ್ಆ್ಯಪ್‌ನಲ್ಲಿ ಬೇಕು. ಬಿಡಿಭಾಗ ಇಷ್ಟು, ಲೇಬರ್ ಇಷ್ಟು, ಯಾವ ದಿನ ಗಾಡಿ ಸಿಗುತ್ತೆ ಅಂತ ಮೂರು ಸಾಲು ಸಾಕು.

2. ಅದಕ್ಕಿಂತ ಜಾಸ್ತಿ ಆಗೋದಾದ್ರೆ ಮೊದಲು ಫೋನ್, ಒಪ್ಪಿದ ಮೇಲೆ ಕೆಲಸ. ಬಿಚ್ಚಿದ ಮೇಲೆ ಹೊಸ ತೊಂದರೆ ಕಾಣೋದು ನಿಜವೇ ಇರಬಹುದು. ಫೋಟೊ ಕಳಿಸಿ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

3. ಹಳೇ ಬಿಡಿಭಾಗವೂ ಹೊಸದರ ಖಾಲಿ ಡಬ್ಬವೂ ನಮ್ಮ ಕೈಗೆ ಬರಬೇಕು. ಡಬ್ಬದ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ ಎರಡೂ ಇರುತ್ತೆ. ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ.

4. ಜಿಎಸ್‌ಟಿ ಸೇರಿಸಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಲೇಬೇಕು. ನೋಂದಣಿ ಇಲ್ಲದವರು ಆ ತೆರಿಗೆ ವಸೂಲಿ ಮಾಡೋ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ದರ ಹಾಕಿದ್ದಾರಾ ನೋಡಿ.

5. ಜಗಳ ಮುಗಿಯದಿದ್ದರೂ ಗಾಡಿ ಬೇಕೇ ಬೇಕು ಅಂದಾಗ, ಯುಪಿಐನಲ್ಲಿ ಕೊಡಿ. ಕೊಟ್ಟ ತಕ್ಷಣ “ಈ ಮೊತ್ತಕ್ಕೆ ನನ್ನ ಆಕ್ಷೇಪ ಇದೆ, ಗಾಡಿ ಬಿಡಿಸಿಕೊಳ್ಳಲು ಕೊಡುತ್ತಿದ್ದೇನೆ” ಅಂತ ಒಂದು ಮೆಸೇಜು ಹಾಕಿ. ಆಮೇಲೆ ದೂರು ಕೊಟ್ಟರೆ ಅದು ಕೆಲಸಕ್ಕೆ ಬರುತ್ತೆ.

ಇದನ್ನೆಲ್ಲ ಕೇಳಿದರೆ ಮೆಕ್ಯಾನಿಕ್ ಬೇಜಾರು ಮಾಡ್ಕೊಳ್ಳಲ್ವಾ ಅಂತ ಮಾವನಿಗೆ ಅನುಮಾನವಿತ್ತು. ಮೊನ್ನೆ ಬ್ರೇಕ್ ಲೈನರ್ ಕೆಲಸಕ್ಕೆ ಬೇರೆ ಕಡೆ ಹೋದಾಗ ಅಲ್ಲಿನ ಹಿರಿಯ ಮೇಸ್ತ್ರಿ ತಾವಾಗೇ ಹಾಳೆ ತಗೊಂಡು ಬರೆದುಕೊಟ್ಟರು. “ಹಿಂದಿನ ಎರಡು ಚಕ್ರಕ್ಕೆ ಮಾತ್ರ ಸಾಕು, ಮುಂದಿನದು ಇನ್ನೂ ಆರು ತಿಂಗಳು ಓಡುತ್ತೆ” ಅಂದರು. ಅವರು ಕೇಳಿದ ಲೇಬರ್ ಬೇರೆ ಕಡೆಗಿಂತ ಐನೂರು ಜಾಸ್ತಿ ಇತ್ತು. ಮಾವ ಒಂದು ಮಾತೂ ಆಡದೆ ಕೊಟ್ಟರು. ಲಾರಿ ಕೆಳಗೆ ಮಲಗಿ ಗ್ರೀಸಿನಲ್ಲಿ ಮುಳುಗಿ ಮಾಡುವ ಕೆಲಸ ಅದು. ಕೂಲಿ ಕಡಿಮೆ ಮಾಡಿಸೋದು ನಮ್ಮ ಉದ್ದೇಶ ಅಲ್ಲ. ಮಾಡದ ಕೆಲಸಕ್ಕೆ, ಹಾಕದ ಆಯಿಲ್‌ಗೆ ದುಡ್ಡು ಹೋಗಬಾರದು ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇರಬಹುದು: ಟೆಂಪೋ ಓಡಿಸೋ ಚಿಕ್ಕಪ್ಪ, ಕ್ಯಾಬ್ ಇಟ್ಟಿರೋ ಭಾವ, ಆಟೊ ಓಡಿಸೋ ಅಪ್ಪ. ರಸ್ತೆ ಬದಿ ಗಾಡಿ ನಿಂತಾಗ ಅವರಿಗೆ ಪುಸ್ತಕ ತಿರುವಿ ನೋಡುವಷ್ಟು ಹೊತ್ತಿರಲ್ಲ, ಆಫೀಸಿನಲ್ಲಿ ಕೂತ ನಮಗಿರುತ್ತೆ. “ಗಾಡಿ ಬಿಚ್ಚೋಕೆ ಮುಂಚೆ ನಂಗೊಂದು ಫೋನ್ ಮಾಡಿ” ಅಂತ ಇವತ್ತೇ ಅವರಿಗೆ ಹೇಳಿಡಿ.